ಟವೆಲಿನಡಿಯ ಕೈ

ಹೊಲಿಗೆಯಂಗಡಿಯ ಹಿಂದಿನ ಕೋಣೆ,
ಮಾರ್ಚ್ ೧೧

ಪ್ರೀತಿಯ ಪುಟ್ಟೀ,

ಸಕಲ ಬಂಧುಬಳಗಕ್ಕೂ ಈ ಮೂಲಕ ಸಾರುವುದೇನೆಂದರೆ, ನಿನ್ನ ಅಪ್ಪನೆಂಬ ಈ ಟೈಲರ್ ಮಹಾಶಯ ನಿನ್ನೆ ಬೆಳಿಗ್ಗೆ ಫಿಸಿಯೋಥೆರಪಿ ಕೋಣೆಯಲ್ಲಿ ಒಂದು ಸೇಬನ್ನು ಕಿತ್ತು ಬುಟ್ಟಿಗೆ ಹಾಕಿದ್ದಾನೆ. ಸೇಬು ಇರುವುದು ಕಂಪ್ಯೂಟರಿನೊಳಗೆ, ಬುಟ್ಟಿಯೂ ಅಲ್ಲೇ, ತಿನ್ನಲು ಸಿಕ್ಕಿಲ್ಲ. ಆದರೂ ನಿನ್ನಮ್ಮ ಚಪ್ಪಾಳೆ ತಟ್ಟಿದ ರಭಸಕ್ಕೆ ಪಕ್ಕದ ಮಂಚದ ಅಜ್ಜ ಎದ್ದು ಕೂತರು. ಅವರನ್ನು ಎಬ್ಬಿಸಿ ಕೂರಿಸಲು ಇಬ್ಬರು ನರ್ಸಮ್ಮಂದಿರು ವಾರದಿಂದ ಹೆಣಗುತ್ತಿದ್ದರಂತೆ.

ನೀನು ಹೇಗಿದ್ದೀಯ? ಕೆಮ್ಮು ಬಿಟ್ಟಿತೇ? ನಿನ್ನ ಆ ರೆಡಿಮೇಡ್ ಬಟ್ಟೆ ಫ್ಯಾಕ್ಟರಿಯ ಧೂಳು ಮೂಗಿಗೆ ಹೋಗದಂತೆ ಬಟ್ಟೆ ಕಟ್ಟಿಕೋ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗಿದೆ ಎಂದು ನಗಬೇಡ. ಎಡಗೈ ಈಗಷ್ಟೇ ಒಂದನೇ ಕ್ಲಾಸಿಗೆ ಸೇರಿದೆ. ಬಲಗೈಯೋ, ಪಾರ್ಶ್ವವಾಯು ಹೊಡೆದ ದಿನದಿಂದ ಮಾವನ ಮನೆಗೆ ಬಂದ ಅಳಿಯನ ಹಾಗೆ ತೊಡೆಯ ಮೇಲೆ ಸುಮ್ಮನೆ ಕೂತಿದೆ.

ಈ ಅಳಿಯನಿಗೆ ಆಸ್ಪತ್ರೆಯಲ್ಲಿ ಒಂದು ಕೈಗವಸು ತೊಡಿಸುತ್ತಾರೆ. ಮೈತುಂಬ ತಂತಿ. ನಾನು ಬೆರಳು ಮಡಿಸಿದರೆ ಪರದೆಯ ಮೇಲಿನ ಕೈಯೂ ಮಡಿಸಿ ಸೇಬು ಹಿಡಿಯುತ್ತದೆ, ಗ್ರಾಫ್ ಒಂದು ಗೆರೆ ಮೇಲೇರುತ್ತದೆ. ನಿನ್ನಮ್ಮ ಪಕ್ಕದಲ್ಲೇ ಕೂತು, "ಏಸಿ ಚಳಿ ರೀ, ಕೈ ಮರಗಟ್ಟುತ್ತೆ" ಎಂದು ಅದರ ಮೇಲೆ ಟವೆಲ್ ಹೊದಿಸುತ್ತಾಳೆ. ಸೇಬು ಬೀಳುವ ಹೊತ್ತಿಗೆ ಸರಿಯಾಗಿ ಅವಳ ನಾಲಗೆಯ ತುದಿ ಹೊರಗೆ ಇಣುಕುತ್ತದೆ. ಸೂಜಿಗೆ ದಾರ ಪೋಣಿಸುವಾಗ ಇಣುಕುತ್ತದಲ್ಲ, ಹಾಗೆ. ಇಷ್ಟು ವರ್ಷ ಸಂಸಾರ ಮಾಡಿದವನಿಗೆ ಟವೆಲಿನಡಿ ಏನು ನಡೆಯುತ್ತಿದೆ ಎಂದು ಹೇಳಲು ಕಂಪ್ಯೂಟರ್ ಬೇಕೇ? ನನ್ನ ಬೆರಳನ್ನು ಅವಳೇ ಮಡಿಸುತ್ತಾಳೆ. ತಾನು ಒಂಚೂರು ಒತ್ತುತ್ತೇನೆ ಅಷ್ಟೆ, ಉಳಿದದ್ದು ಇವರದೇ ಬಲ ಎಂಬುದು ಅವಳ ನಂಬಿಕೆ. ಉಳಿದದ್ದು ಅಂತ ಏನೂ ಇಲ್ಲ ಪುಟ್ಟೀ.

ಮೊನ್ನೆ ಅವಳು ನೀರು ತರಲು ಹೋದಾಗ ನಾನೊಬ್ಬನೇ ಪ್ರಯತ್ನಿಸಿದೆ. ಹಲ್ಲು ಕಚ್ಚಿದೆ, ಕಾಲಿನ ಬೆರಳೆಲ್ಲ ಮಡಚಿಕೊಂಡವು. ಕೈಬೆರಳು ಮಾತ್ರ ನನ್ನ ಪರಿಚಯವೇ ಇಲ್ಲದಂತೆ ಬಿದ್ದಿದ್ದವು. ಸೇಬು ಮರದಲ್ಲೇ ಇತ್ತು. "ಯಾಕೆ ಅಂಕಲ್, ಇವತ್ತು ಮೂಡಿಲ್ವಾ?" ಎಂದಳು ವ್ಯಾಯಾಮ ಮಾಡಿಸುವ ಹುಡುಗಿ. ಇಲ್ಲಮ್ಮ ಅಂದೆ.

ನಿನ್ನಮ್ಮ ದಿನಾ ನನ್ನ ದೊಡ್ಡ ಕತ್ತರಿಗೆ ಎಣ್ಣೆ ಬಿಡುತ್ತಾಳೆ. ಗಿರಾಕಿಗಳ ಸೂಟಿನ ಬಟ್ಟೆ ಇಸಿದುಕೊಂಡು, "ಗ್ರಾಫ್ ಮೇಲೇರ್ತಿದೆ, ಇನ್ನೇನು ಅವರೇ ಕಟಿಂಗ್ ಮಾಡ್ತಾರೆ" ಎನ್ನುತ್ತಾಳೆ. ಬಟ್ಟೆಯ ರಾಶಿ ಗ್ರಾಫಿಗಿಂತ ಜೋರಾಗಿ ಏರುತ್ತಿದೆ. ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದಾಗಲೆಲ್ಲ ಅದಕ್ಕೊಂದು ತುತ್ತು ಇಟ್ಟುಬಿಡುತ್ತಾಳೆ.

ಹೊತ್ತುಹೊತ್ತಿಗೆ ಉಣ್ಣು. ಆಶೀರ್ವಾದ ಎಡಗೈಯದಾದರೂ ಅಳತೆಯಲ್ಲಿ ಕಡಿಮೆ ಮಾಡಿಲ್ಲ.

ನಿನ್ನ ಅಪ್ಪ

ಮರೆತಿದ್ದೆ: ಬೆಳಿಗ್ಗೆ ನನ್ನ ಅಂಗಿಯ ಗುಂಡಿ ಹಾಕುವಾಗ ಮಾತ್ರ ನಿನ್ನಮ್ಮನಿಗೆ ಗ್ರಾಫ್ ನೆನಪಾಗುವುದಿಲ್ಲ; ತಲೆ ತಗ್ಗಿಸಿ ಮೂಗು ಎಳೆಯುತ್ತಾಳೆ. ರೆಡಿಮೇಡ್ ತಾಕಿದರೆ ಮೈ ತುರಿಸುತ್ತದೆ ಎಂದು ನಿನ್ನನ್ನು ಆಡಿಕೊಳ್ಳುತ್ತಿದ್ದೆನಲ್ಲ, ಆ ಮಾತು ವಾಪಸ್. ಒಂದು ಅಂಗಿ ಕಳಿಸು. ಒಳಗೆ, ಎಡಗೈಯಲ್ಲೇ ಒತ್ತಿದರೆ ಅಂಟುವ, ಎಳೆದರೆ ಬರ್ರೆಂದು ಬಿಚ್ಚುವ ಅಂಟುಪಟ್ಟಿ ಇರಲಿ. ಗುಂಡಿಗಳನ್ನು ತೂರಿಸುವ ಕಾಜಾದ ಮೇಲೇ ಹೊಲಿದುಬಿಡು, ಹಾಕಿದಂತೆ ಕಾಣಬೇಕು. ನಾನೇ ಹಾಕಿಕೊಂಡೆ ಎನ್ನುತ್ತೇನೆ. ಅವಳದು ಟೈಲರ್ ಹೆಂಡತಿಯ ಕಣ್ಣು, ದಾರ ಅಂಗಿಯ ಬಣ್ಣದ್ದೇ ಹಾಕು.