ಗೋಡೆಯ ಮೇಲಿನ ಫೋಟೊ

ಮನೆಯಿಂದ,
ಮಾರ್ಚ್ ೧೧, ಮಂಗಳವಾರ

ನಮ್ಮ ಮನೆಯ ಸಂಪಾದಕರಿಗೆ ನಮಸ್ಕಾರ.

ಎದೆಯುರಿ ಹೇಗಿದೆ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರೋ, ಆ ಊರಿನ ಸಭೆಗಳ ಭಾಷಣದಲ್ಲೇ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದೀರೋ? ನಾವು ಚೆನ್ನಾಗಿದ್ದೇವೆ ಎಂದು ಬರೆಯಬೇಕಲ್ಲ, ಬರೆದಿದ್ದೇನೆ.

ನೀವು ಮಂತ್ರಿಗಿರಿ ಬಿಟ್ಟು, ಆ ಸೇತುವೆ ಯಾರ ಹೊಟ್ಟೆಬಾಕತನಕ್ಕೆ ಕುಸಿಯಿತೆಂದು ಪತ್ರಿಕೆಯಲ್ಲಿ ಬರೆದ ಮೇಲೆ ಫೋನಿಗೆ ಬಾಯಿಲ್ಲ. ದಿನಾ ಬಂದು ಸೋಫಾ ಸವೆಸುತ್ತಿದ್ದ ಪಕ್ಷದವರು ನಮ್ಮ ಬೀದಿಯನ್ನೇ ಮರೆತಿದ್ದಾರೆ. ನಿನ್ನೆ ಗೇಟಿನ ಪೊಲೀಸರನ್ನೂ ವಾಪಸ್ ಕರೆಸಿಕೊಂಡರು. ಹೋಗುವಾಗ ಒಬ್ಬ, "ಬಾಗ್ಲು ಭದ್ರ ಮಾಡ್ಕೊಳ್ಳಿ ಅಮ್ಮಾ" ಎಂದು, ನನ್ನ ಮುಖ ನೋಡದೆ ಹೋದ.

ಅದಾದ ಮೇಲೆ ಬಂದವನು ನಿಮ್ಮ ಬಲಗೈ, ಅದೇ, ನೀವಿಲ್ಲದಾಗ ಪತ್ರಿಕೆ ನೋಡಿಕೊಳ್ಳುವ ಸಹಸಂಪಾದಕ. ನಮ್ಮ ಮನೆಯಲ್ಲೇ ಉಂಡು ಬೆಳೆದವನು. ಕಂಕುಳಲ್ಲಿ ಎಂದಿನ ದೊಡ್ಡ ಚೀಲ. "ಅತ್ತಿಗೆ, ಅಣ್ಣಂದು ಒಂದು ಒಳ್ಳೆ ಫೋಟೊ ಬೇಕಿತ್ತು" ಅಂದ. ಯಾಕೆ ಎಂದು ಕೇಳಿದರೆ, "ಪುಟ ರೆಡಿ ಇಟ್ಟಿರ್ಬೇಕಲ್ಲ" ಎಂದು ನಕ್ಕ. ನಾನು ಪತ್ರಿಕೆಯವರ ಹೆಂಡತಿಯಲ್ಲವೇ? ದೊಡ್ಡ ಮನುಷ್ಯರು ಹಾಸಿಗೆ ಹಿಡಿದರೆಂದು ಗೊತ್ತಾದ ಕೂಡಲೇ ಅವರ ಶ್ರದ್ಧಾಂಜಲಿ ಪುಟ ಮಾಡಿಟ್ಟು, ತಾರೀಖಿನ ಜಾಗ ಮಾತ್ರ ಖಾಲಿ ಬಿಡುವ ಪದ್ಧತಿ ಹಾಕಿಕೊಟ್ಟವರೇ ನೀವು. "ಸಾವು ಪ್ರೆಸ್ಸಿಗೆ ಕಾಯಲ್ಲ ಕಣೇ" ಎನ್ನುತ್ತಿದ್ದಿರಿ. ಆದರೆ ಗುಂಡುಕಲ್ಲಿನಂತಿರುವ ನಿಮಗೆ ಈಗಲೇ ಯಾಕೆ ಆ ಪುಟ? ಕೊಡುವಂಥ ಫೋಟೊ ಯಾವುದೂ ಇಲ್ಲ ಎಂದು ಸುಳ್ಳು ಹೇಳಿ ಚಹಾ ಮಾಡಲು ಒಳಗೆ ಹೋದೆ. ಚಹಾ ಕುಡಿಯುತ್ತಾ, ನೀವು ಬರುವುದು ಯಾವತ್ತು ಎಂದು ಕೇಳಿದ. ಗೊತ್ತಿಲ್ಲ ಎಂದೆ. "ಶುಕ್ರವಾರ ಸಂಜೆ ರೈಲಿಗಲ್ವಾ? ಸ್ಟೇಷನ್ನಿಗೆ ಕಾರು ಕಳಿಸ್ತೀನಿ" ಅಂದ. ಗೊತ್ತಿದ್ದೇ ಕೇಳಿದ್ದ.

ಹಗ್ಗ ಕಂಡರೆ ಹಾವು ಅನ್ನುತ್ತಾಳೆ ಎಂದು ನಗುತ್ತೀರಿ. ನಗಿ. ಮನೆಗೆ ಬಂದು, ನನ್ನೆದುರು ಕೂತು ನಗಿ. ನನಗೆ ಭಯವಾಗಿದೆ.

ಅಂಚೆಯನ್ನೂ ಫೋನನ್ನೂ ನಂಬದೆ ಇದನ್ನು ನನ್ನ ತಮ್ಮನ ಕೈಯಲ್ಲೇ ಕಳಿಸುತ್ತಿದ್ದೇನೆ. ಮಗಳು ಅಪ್ಪನಿಗೊಂದು ಮುತ್ತು ಸೇರಿಸು ಎಂದಿದ್ದಾಳೆ.

ಇಂತಿ,
ನಿಮ್ಮ ತಪ್ಪು ತಿದ್ದುವ ಏಕೈಕ ವ್ಯಕ್ತಿ,
ನಿಮ್ಮವಳು

ವಿ.ಸೂ.: ತಮ್ಮ ಚಪ್ಪಲಿ ಮೆಟ್ಟಿ ನಿಂತಿದ್ದಾನೆ. ಲಕೋಟೆಗೆಂದು ಈಗ ನಿಮ್ಮ ಕೋಣೆಗೆ ಹೋದೆ. ಮೇಜಿನ ಹಿಂದಿನ ಗೋಡೆಯಲ್ಲಿ ಮೊಳೆ ಮಾತ್ರ ಇದೆ, ನಿಮ್ಮ ಫೋಟೊ ಇಲ್ಲ. ನಿಮ್ಮ ಬಲಗೈ ಕಳಿಸುವ ಕಾರು ಹತ್ತಬೇಡಿ. ರೈಲೂ ಬೇಡ. ಶುಕ್ರವಾರದವರೆಗೆ ಕಾಯಬೇಡಿ. ತಮ್ಮನ ಜೊತೆ, ಜನ ತುಂಬಿದ ಬಸ್ಸು ನೋಡಿ ಹತ್ತಿ, ಕೂಡಲೇ ಹೊರಟು ಬನ್ನಿ.