ಸೇತುವೆ ದುರಸ್ತಿಯಲ್ಲಿದೆ

ಮಾರ್ಚ್ 4, ಮಂಗಳವಾರ
ಇವತ್ತೂ ಅದೇ ಗೋಳು. ಮೇನ್ ರೋಡ್ ಅಗೆದಿದ್ದಾರೆ ಅಂತ ಬಸ್ಸೆಲ್ಲ ನಮ್ಮ ಬೀದಿಗೇ. ಅಮ್ಮನಿಗೆ ಆಪರೇಷನ್ ಆಗಿ ವಾರ. ಕಣ್ಣು ಮುಚ್ಚಿದರೆ ಹಾರ್ನ್. "ನಕ್ಷೆ ಇಲಾಖೆಯಲ್ಲಿದ್ದೀಯಲ್ಲೇ, ಇಷ್ಟೂ ಆಗಲ್ವಾ ನಿನ್ನ ಕೈಲಿ?" ಅಂದಳು. ತಮಾಷೆಗೇ. ಬಸ್ ಇಲಾಖೆಗೆ ಮೂರು ಪತ್ರ ಹೋಗಿದೆ. ಉತ್ತರ ಇಲ್ಲ.

ಮಾರ್ಚ್ 6
ಮಾಡಿಬಿಟ್ಟೆ. ಬೀದಿ ಕೊನೆಯ ಸಣ್ಣ ಸೇತುವೆ — "ದುರಸ್ತಿಯಲ್ಲಿದೆ, ವಾಹನ ಸಂಚಾರ ಇಲ್ಲ" ಅಂತ ಮ್ಯಾಪಿನಲ್ಲಿ ಹಾಕಿದೆ. ಸೇತುವೆ ಗುಂಡುಕಲ್ಲಿನ ಹಾಗಿದೆ! ನಮ್ಮ ಮ್ಯಾಪ್ ನೋಡಿ ದಾರಿ ಹಾಕೋದು ಬಸ್ಸಿನವರು ಮಾತ್ರ. ಯಾರಿಗೇನು ನಷ್ಟ?

ಮಾರ್ಚ್ 11
ಅಮ್ಮ ಮಧ್ಯಾಹ್ನ ಎರಡು ಗಂಟೆ ನಿದ್ದೆ. ಕೆಳಮನೆ ಟೈಲರ್ ಮಾವ ಅವಳ ಆಪರೇಷನ್ ಹೊಲಿಗೆಗೆ ತಾಗದ ಹಾಗೆ ಸಡಿಲ ಅಂಗಿ ಹೊಲಿದು ತಂದರು. "ಬಸ್ ನಿಲ್ಲಿಸಿದ್ದು ಯಾವ ಪುಣ್ಯಾತ್ಮನೋ, ಅವನ ಹೊಟ್ಟೆ ತಣ್ಣಗಿರಲಿ" ಅಂದರು. ಹಲ್ಲು ಕಿರಿದೆ.

ಮಾರ್ಚ್ 14, ಶುಕ್ರವಾರ
ಡೇಟಾ ಹಂಚಿಕೆ ಇವತ್ತಿಂದ ಶುರು. ಬಸ್, ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ — ಎಲ್ಲರಿಗೂ ನಮ್ಮದೇ ಮ್ಯಾಪ್. ಇಲಾಖೆಗಳ ಹತ್ತು ವರ್ಷದ ಕಿತ್ತಾಟ ಮುಗೀತು ಅಂತ ಸಾಹೇಬರ ಭಾಷಣ. ಚಪ್ಪಾಳೆ ತಟ್ಟುವಾಗ ಸೇತುವೆ ನೆನಪಾಯ್ತು. ಸೀಟಿಗೆ ಓಡಿ ಮ್ಯಾಪ್ ತೆರೆದೆ...

ಅಳಿಸಲಿಲ್ಲ. ಇನ್ನೊಂದು ವಾರ. ಅಮ್ಮನ ಹೊಲಿಗೆ ಬಿಚ್ಚಲಿ.

ಮಾರ್ಚ್ 18, ಬೆಳಿಗ್ಗೆ 11.40
ಅಮ್ಮನ ಫೋನ್. ಟೈಲರ್ ಮಾವನಿಗೆ ಸ್ಟ್ರೋಕ್. ಮಿಶಿನ್ ಮೇಲೇ ಒರಗಿದ್ದರಂತೆ. ಆಸ್ಪತ್ರೆ ಸೇತುವೆ ಆಚೆಗೇ, ಐದು ನಿಮಿಷ. ಆಂಬುಲೆನ್ಸ್ ಸುತ್ತಿ ಬಂದು, ಸುತ್ತಿ ಹೋಗಿ, ಅಗೆದ ರಸ್ತೆಯಲ್ಲಿ ಸಿಕ್ಕಿಕೊಂಡು — ಒಂದು ಗಂಟೆ. "ಸೇತುವೆ ಸರಿಯಿದೆ ಅಂದರೂ ಡ್ರೈವರ್ ಕೇಳಲಿಲ್ಲ. ಮ್ಯಾಪ್ ಹಾಗೇ ತೋರಿಸ್ತಂತೆ ಕಣೇ."

ಮೊದಲು ಏನು ಮಾಡಿದೆ? ಮ್ಯಾಪಿನಲ್ಲಿ ಸೇತುವೆ ತೆರೆದೆ. ಆಮೇಲೆ ಅತ್ತೆ. ಥೂ ನನ್ನ ಜನ್ಮಕ್ಕೆ.

ಏಪ್ರಿಲ್ 2
ಮಾವ ಮನೆಗೆ ಬಂದರು. ಜೀವಕ್ಕೇನೂ ತೊಂದರೆ ಇಲ್ಲ. ಬಲಗೈ ಹೋಯ್ತು. ಬೇಗ ಬಂದಿದ್ದರೆ ಉಳೀತಿತ್ತೇನೋ ಅಂದರಂತೆ ಡಾಕ್ಟರ್. ಕತ್ತರಿ ಎಡಗೈಲಿ ಎತ್ತಿ ನೋಡಿದರು, ಇಟ್ಟರು. ನಾನು ಕಾಫಿ ಲೋಟ ತೊಳೆಯೋ ನೆಪದಲ್ಲಿ ಒಳಗೆ ಹೋದೆ.

ಏಪ್ರಿಲ್ 6, ಭಾನುವಾರ
ಮಾವ ದೂರು ಕೊಡ್ತಾರಂತೆ. "ನನ್ನ ಕೈಲಿ ಬರೆಯಕ್ಕಾಗಲ್ಲ, ನೀನೇ ಬರೆದುಕೊಡಮ್ಮಾ. ಸರಿಯಿರೋ ಸೇತುವೆ ಮುಚ್ಚಿದ ಮಹಾನುಭಾವ ಯಾರು ಅಂತ ನಿಮ್ಮ ಆಫೀಸಲ್ಲೇ ಕೇಳು. ಹೆಸರು ಹಾಕು."

ಅಮ್ಮ ಪಕ್ಕದಲ್ಲೇ. "ಬರಿಯೇ ಚೆನ್ನಾಗಿ. ಅವನ ಕೈ ಸೇದಿಹೋಗ!"

ನನ್ನ ಬಲಗೈ ಮಡಿಲಲ್ಲಿತ್ತು. ಸೆರಗಿನೊಳಗೆ ಎಳೆದುಕೊಂಡೆ.

ಅದೇ ದಿನ, ಸಂಜೆ 5
ಬರೆದಾಯ್ತು. ಒಂದೂವರೆ ಪುಟ. ಹೆಸರಿನ ಜಾಗ ಖಾಲಿ ಬಿಟ್ಟಿದ್ದೆ — ಈಗ ಅದನ್ನೂ ತುಂಬಿದೆ. ಅಪ್ಪ ನನಗೆ ಇಟ್ಟ ಹೆಸರು, ಪೂರ್ತಿಯಾಗಿ.

ಕೆಳಗಿಂದ ಮಾವ ಕರೀತಿದಾರೆ. "ಆಯ್ತೇನಮ್ಮಾ? ಬಾ, ಗಟ್ಟಿಯಾಗಿ ಓದು." ಅಮ್ಮನೂ ಅಲ್ಲೇ ಇದಾಳೆ, ಅವರು ಹೊಲಿದ ಅಂಗಿ ಹಾಕಿಕೊಂಡು. ಹೋಗ್ತೀನಿ. ಓದ್ತೀನಿ. ಹೆಸರಿನ ಸಾಲು ಬಂದಾಗ ಅಮ್ಮನ ಮುಖ ನೋಡದೆ—