ಶಾಲೆಯಲ್ಲಿ ಉಳಿದ ನೆಲ್ಲು

ವಯನಾಡು,
ಗುರುವಾರ

ಭತ್ತ ಖರೀದಿ ಅಧಿಕಾರಿ ವಿಠಲ ರೈ ಅವರಿಗೆ,

ನೀವು ಕಾಸರಗೋಡಿನವರಾದ್ದರಿಂದ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಸರಕಾರ ನನ್ನಿಂದ ಕೊಂಡ ಅರವತ್ತು ಚೀಲ ಭತ್ತವನ್ನು ಬೇಸಿಗೆ ರಜೆಯಲ್ಲಿ ನಮ್ಮೂರ ಶಾಲೆಯ ಕೊಠಡಿಯಲ್ಲಿ ಇರಿಸಿದಿರಿ. ಶಾಲೆ ತೆರೆದು ತಿಂಗಳಾಯಿತು, ಲಾರಿ ಬಂದಿಲ್ಲ. ಅದು ಕಾಡಿನ ಬುಡಕಟ್ಟು ಹಾಡಿಯ ಮಕ್ಕಳ ಕೊಠಡಿ. ಮಲಯಾಳ ಬರುವುದಿಲ್ಲವೆಂದು ಅವರನ್ನು ಮೊದಲೇ ಬೇರೆ ಕೂರಿಸಿದ್ದರು. ಈಗ ಸೌದೆ ಕೊಟ್ಟಿಗೆಯಲ್ಲಿ ಕೂರಿಸಿದ್ದಾರೆ. ಪಕ್ಕದ ಕೊಠಡಿಯಲ್ಲಿ ನನ್ನ ಮೊಮ್ಮಗ ಸಮ್ಯಕ್ ಸೇರಿ ಒಂಬತ್ತೇ ಮಕ್ಕಳು. ಅಲ್ಲಿ ಅರ್ಧದಷ್ಟು ಬೆಂಚು ಖಾಲಿ.

ನಿನ್ನೆ ನಿಮಿಷ ಎಂಬ ಹಾಡಿಯ ಹುಡುಗಿ ದಾರಿಯಲ್ಲಿ ನನ್ನನ್ನು ನಿಲ್ಲಿಸಿದಳು. "ಅಜ್ಜೀ, ನಿಮ್ಮ ನೆಲ್ಲು ಪಾಸಾಯ್ತಾ? ನಾವು ಒಳಗೆ ಬರಬೇಕು." ಜೊತೆಯವರು ನಕ್ಕರು. ನಾನು ಮನೆಗೆ ಬಂದು ನಿಮಗೆ ಫೋನು ಮಾಡಿದೆ.

ಫೋನಿನಲ್ಲಿ ನೀವು, "ನೆಲ್ಲು ನೆನೆದರೆ ಯಾರು ಹೊಣೆ, ಅಮ್ಮಾ?" ಎಂದಿರಿ. ತೇವ ಅಳೆಯುವ ಯಂತ್ರ ಹಿಡಿದು ಮೂರು ಸಲ ಶಾಲೆಗೆ ಬಂದಿದ್ದೀರಿ. ಆ ಕೊಟ್ಟಿಗೆಯ ಮಾಡು ಸೋರುವುದನ್ನು ಒಮ್ಮೆಯೂ ನೋಡಲಿಲ್ಲ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಆ ಚೀಲಗಳನ್ನು ನನ್ನ ಟ್ರ್ಯಾಕ್ಟರಿನಲ್ಲಿ ತಂದು ನಿಮ್ಮ ಕಚೇರಿಯ ಜಗಲಿಯಲ್ಲಿ ಇಳಿಸುತ್ತೇನೆ. ಮುಟ್ಟಿದರೆ ಕೇಸು ಎಂದಿದ್ದೀರಿ. ಹಾಕಿ, ನನ್ನ ಪೂರ್ತಿ ಹೆಸರು ಕೆಳಗಿದೆ. ಕೊಠಡಿ ತೆರವಾದ ಮೇಲೂ ಆ ಮಕ್ಕಳನ್ನು ಅಲ್ಲಿ ಬೇರೆ ಕೂರಿಸಲು ನಾನು ಬಿಡುವುದಿಲ್ಲ. ಅವರು ಸಮ್ಯಕ್‌ನ ಬೆಂಚಿನಲ್ಲಿ ಕೂರುತ್ತಾರೆ. ಹೆಡ್‌ಮಾಸ್ಟರರಿಗೂ ಇದನ್ನೇ ಬರೆದಿದ್ದೇನೆ.

ಟಾರ್ಪಾಲು ಸಿದ್ಧವಿಡಿ. ಸೋಮವಾರ ಮಳೆ ಇರಬಹುದು.

ಇಂತಿ,
ಕನಕಲತಾ ದೇವೇಂದ್ರ ಗೌಡರ್